ಬಿಚ್ಚಲು ಬರುವ ಜೋಡು

ಜಿಐ ಪೈಪಿನ ಕಾಲದಲ್ಲಿ ಯೂನಿಯನ್, ಅಂದರೆ ಬಿಚ್ಚಲು ಬರುವ ಜೋಡು, ಹಾಕಬೇಕೋ ಬೇಡವೋ ಎಂಬ ಚರ್ಚೆಗೆ ಆಸ್ಪದವೇ ಇರಲಿಲ್ಲ. ಥ್ರೆಡ್ ಹೊಡೆದ ಪೈಪು ಎರಡೂ ಕಡೆ ಕದಲದ ಸಾಮಾನಿಗೆ ಕೂಡಬೇಕಾದಾಗ ಅದನ್ನು ತಿರುಗಿಸಿ ಬಿಗಿ ಮಾಡಲು ಬರುವುದಿಲ್ಲ. ಒಂದು ತುದಿ ಒಳಹೋದಷ್ಟು ಇನ್ನೊಂದು ತುದಿ ಹೊರಬರುತ್ತದೆ. ಹೀಗಾಗಿ ಮಿಸ್ತ್ರಿ ಎಷ್ಟೇ ಅವಸರದಲ್ಲಿದ್ದರೂ ನಡುವೆ ಎಲ್ಲೋ ಒಂದು ಯೂನಿಯನ್ ಇಟ್ಟು, ಅದರ ಎರಡು ಮೈಗಳನ್ನು ಎದುರುಬದುರು ತಂದು, ದೊಡ್ಡ ನಟ್ಟಿನಿಂದ ಎಳೆದು ಕೂಡಿಸಿಯೇ ಲೈನು ಮುಗಿಸುತ್ತಿದ್ದ. ನಾರು ಸುತ್ತಿ ಸಫೇದಾ ಹಚ್ಚಿದ ಆ ಲೈನುಗಳನ್ನು ಎಷ್ಟೋ ವರ್ಷಗಳ ಮೇಲೆ ಬಿಚ್ಚುವ ಪ್ರಸಂಗ ಬಂದರೂ ಪಾನಾ ಎಲ್ಲಿ ಹಾಕಬೇಕು ಎಂಬುದು ಕಣ್ಣಿಗೆ ಕಾಣುತ್ತಿತ್ತು.

ಪಿವಿಸಿ ಬಂದ ಮೇಲೆ ಈ ಕಡ್ಡಾಯ ತಪ್ಪಿತು. ಸಾಲ್ವೆಂಟ್ ಸಿಮೆಂಟ್ ಬಳಿದು ಪೈಪನ್ನು ಫಿಟಿಂಗಿನೊಳಗೆ ಒತ್ತಿ ಕಾಲು ಸುತ್ತು ತಿರುಗಿಸಿದರೆ ಎರಡರ ಮೇಲ್ಮೈಯೂ ಕರಗಿ ಒಂದೇ ಆಗುತ್ತವೆ. ಲೈನು ಎಲ್ಲಿಂದ ಶುರುಮಾಡಿ ಎಲ್ಲಿ ಮುಗಿಸಿದರೂ ನಡೆಯುತ್ತದೆ. ಯೂನಿಯನ್ ಇಲ್ಲದೆಯೇ ಕೆಲಸ ಆಗುತ್ತದೆ, ನೀರೂ ಬರುತ್ತದೆ, ಮಿಸ್ತ್ರಿಯ ಲೆಕ್ಕವೂ ಚುಕ್ತಾ ಆಗುತ್ತದೆ. ಮೋಟರ್ ಕೆಟ್ಟ ದಿನ ಹ್ಯಾಕ್ಸಾ ಬ್ಲೇಡು ಹೊರಬರುತ್ತದೆ. ಪೈಪು ಕೊಯ್ದು ಮೋಟರ್ ತೆಗೆದು ರಿವೈಂಡಿಂಗಿಗೆ ಕೊಟ್ಟು, ತಂದು ಕೂರಿಸುವಾಗ ಒಂದು ಕಪ್ಲರ್ ಹಾಕುತ್ತಾರೆ. ಮೊದಲ ಸಲ ಇದು ಸಲೀಸು. ಎರಡಿಂಚಿನ ಕಪ್ಲರ್ ಕೂರಲು ಸುಮಾರು ಮೂರು ಇಂಚು ನೇರ ಪೈಪು ಬೇಕು. ಎರಡನೇ ಸಲ ಕೊಯ್ಯುವ ಹೊತ್ತಿಗೆ ಮೋಟರಿಗೂ ಎಲ್ಬೋಗೂ ನಡುವೆ ಅಷ್ಟು ಜಾಗ ಉಳಿದಿರುವುದು ಅಪರೂಪ. ಆಗ ಎಲ್ಬೋ ಹೋಗುತ್ತದೆ, ಅದಕ್ಕೆ ಅಂಟಿದ ವಾಲ್ವು ಹೋಗುತ್ತದೆ, ಕೆಲವೊಮ್ಮೆ ಗೋಡೆಯೊಳಗಿನ ಟೀ ತನಕ ಒಡೆಯಬೇಕಾಗುತ್ತದೆ. ನೂರಾರು ರೂಪಾಯಿಯ ಸಾಮಾನು ಉಳಿಸಿದ್ದಕ್ಕೆ ಸಾವಿರಾರು ರೂಪಾಯಿಯ ರಿಪೇರಿ ಎದುರಾಗುತ್ತದೆ. ಲೈನು ಹಾಕಿದವನು ಆ ದಿನ ಅಲ್ಲಿರುವುದಿಲ್ಲ. ಯೂನಿಯನ್ ವಿಷಯದಲ್ಲಿ ನಮ್ಮ ಎಲ್ಲ ತಾಪತ್ರಯದ ಮೂಲ ಇದೇ ಎಂದು ನನಗೆ ಅನ್ನಿಸುತ್ತದೆ: ಅದನ್ನು ಇಡುವ ನಿರ್ಧಾರ ಲೈನು ಹಾಕುವವನದು, ಅದರ ಗರಜು ಬೀಳುವುದು ರಿಪೇರಿಗೆ ಬರುವವನಿಗೆ, ಹಣ ಹೋಗುವುದು ಮನೆಯವರದು.

ಈ ಮಾತು ಮನೆಯ ಮೋಟರಿಗಷ್ಟೇ ಅಲ್ಲ, ಈಜುಕೊಳದ ಪಂಪಿಗೂ ಸಲ್ಲುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯಂಗಳದ ಈಜುಕೊಳಗಳು ಕಡಿಮೆ. ಆದರೆ ಈಜುಕೊಳದ ಪಂಪಿಗೆ ಏನು ಬೇಕೋ ಅದೆಲ್ಲವನ್ನೂ ಇಲ್ಲಿನ ಪ್ರತಿ ಮನೆಯ ಸಂಪಿನ ಮೋಟರ್ ದಿನವೂ ಪರೀಕ್ಷೆ ಮಾಡಿ ತೋರಿಸುತ್ತಿದೆ. ಅವಳಿ ನಗರಕ್ಕೆ ನೀರು ಬರುವುದು ಸವದತ್ತಿ ಬಳಿ ನವಿಲುತೀರ್ಥದಲ್ಲಿ ಕಟ್ಟಿದ ಮಲಪ್ರಭೆಯ ರೇಣುಕಾಸಾಗರದಿಂದ, ಅಮ್ಮಿನಬಾವಿಯ ಶುದ್ಧೀಕರಣ ಘಟಕದ ಮೂಲಕ; ಜೊತೆಗೆ ನೀರಸಾಗರ ಕೆರೆಯಿಂದ. 2008ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಆಯ್ದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ಇಲ್ಲಿಯೇ, ಬೆಳಗಾವಿ ಮತ್ತು ಕಲಬುರಗಿಯ ಜೊತೆಗೆ, ನಡೆಯಿತು. ಉಳಿದ ಎಷ್ಟೋ ಬಡಾವಣೆಗಳಲ್ಲಿ ನೀರು ವಾರಕ್ಕೊಮ್ಮೆ ಎನ್ನುವಂಥ ಸ್ಥಿತಿಯನ್ನು ಜನ ವರ್ಷಗಟ್ಟಲೆ ಕಂಡಿದ್ದಾರೆ. ಅಂಥ ಕಡೆ ಸಂಪು, ಸಂಪಿನ ಮೇಲೊಂದು ಮಾನೋಬ್ಲಾಕ್ ಮೋಟರ್, ಛಾವಣಿಯ ಮೇಲೆ ಟ್ಯಾಂಕು ಇಲ್ಲದೆ ಸಂಸಾರ ನಡೆಯುವುದಿಲ್ಲ. ನೀರು ಬಿಟ್ಟ ದಿನವೇ ಮೋಟರ್ ಸುಟ್ಟರೆ ಅದು ಮನೆಗೆ ಬಂದ ಗಂಡಾಂತರ. ಮೋಟರ್ ಹೊರತೆಗೆಯಲು ಹತ್ತು ನಿಮಿಷ ಸಾಕೋ, ಪೈಪು ಕೊಯ್ದು ಮತ್ತೆ ಅಂಟಿಸಿ ಸಿಮೆಂಟು ಹಿಡಿಯಲು ಒಂದು ದಿನ ಕಾಯಬೇಕೋ ಎಂಬುದು ಅಲ್ಲಿ ಬಹಳ ದೊಡ್ಡ ಮಾತು.

ಯೂನಿಯನ್ ಎಲ್ಲಿರಬೇಕು ಎಂಬುದಕ್ಕೆ ಒಳ್ಳೆಯ ಪಾಠ ಮನೆಯ ಗೇಟಿನ ಹತ್ತಿರವೇ ಇದೆ. ನೀರಿನ ಮೀಟರನ್ನು ನೋಡಿ. ಅದರ ಎರಡೂ ಬದಿಗೆ ಹಿತ್ತಾಳೆಯ ನಟ್ಟು, ವಾಷರು, ತುಂಡು ಪೈಪು ಇರುತ್ತವೆ. ಅದು ಯೂನಿಯನ್ನೇ. ಮೀಟರು ಕೆಟ್ಟರೆ, ಪರೀಕ್ಷೆಗೆ ಒಯ್ಯಬೇಕಾದರೆ, ನೀರು ಪೂರೈಸುವ ಸಂಸ್ಥೆಯ ಸಿಬ್ಬಂದಿ ಲೈನು ಕೊಯ್ಯದೆ ಬಿಚ್ಚಿಕೊಂಡು ಹೋಗುತ್ತಾರೆ. ತಾನೇ ಬಂದು ತೆಗೆಯಬೇಕಾದ ವಸ್ತುವಿಗೆ ಸಂಸ್ಥೆ ಮೊದಲೇ ದಾರಿ ಮಾಡಿಟ್ಟಿದೆ. ಅದೇ ಗೇಟಿನಿಂದ ಹತ್ತು ಹೆಜ್ಜೆ ಒಳಗೆ ಸಂಪಿನ ಮೋಟರಿಗೆ ಆ ದಾರಿ ಇರುವುದಿಲ್ಲ.

ಈಗ ಕೊಳಕ್ಕೆ ಬರೋಣ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಕೊಳ ಎಂದರೆ 40,000 ಲೀಟರ್ ನೀರು. ಈ ನೀರನ್ನು ಆರು ಗಂಟೆಗೊಮ್ಮೆ ಪೂರ್ತಿ ಸೋಸಬೇಕೆಂದರೆ ಪಂಪು ನಿಮಿಷಕ್ಕೆ ಸುಮಾರು 110 ಲೀಟರ್ ಓಡಿಸಬೇಕು. ಎರಡಿಂಚಿನ ಪೈಪಿನಲ್ಲಿ ಇದು ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ ವೇಗ. ಒಂದೂವರೆ ಇಂಚಿನಲ್ಲಿ ಸುಮಾರು 1.4 ಮೀಟರ್. ಹೀರುವ ಕಡೆ 1.8 ಮೀಟರ್ ದಾಟಬಾರದು ಎಂಬ ರೂಢಿಯ ಮಿತಿಯೊಳಗೆ ಎರಡೂ ಬರುತ್ತವೆ. ನೀರಿನ ದಾರಿ ಹೀಗಿದೆ: ಕೊಳದ ಅಂಚಿನ ಸ್ಕಿಮ್ಮರ್ ಮತ್ತು ತಳದ ಡ್ರೇನಿನಿಂದ ಪಂಪಿಗೆ, ಪಂಪಿನಿಂದ ಮರಳಿನ ಫಿಲ್ಟರಿಗೆ, ಹೀಟರ್ ಇದ್ದರೆ ಅದಕ್ಕೆ, ಕೊನೆಗೆ ಕ್ಲೋರಿನೇಟರ್ ದಾಟಿ ಮತ್ತೆ ಕೊಳಕ್ಕೆ. ಈ ಸಾಲಿನಲ್ಲಿ ನೆಲದೊಳಗಿನ ಪೈಪು ದಶಕಗಟ್ಟಲೆ ಬಾಳುತ್ತದೆ. ಮೇಲೆ ಕೂತ ಸಲಕರಣೆ ಬಾಳುವುದಿಲ್ಲ. ಪಂಪಿನ ಮೆಕ್ಯಾನಿಕಲ್ ಸೀಲು ಸವೆಯುತ್ತದೆ, ಬೇರಿಂಗ್ ಸದ್ದು ಮಾಡುತ್ತದೆ, ವೈಂಡಿಂಗ್ ಸುಡುತ್ತದೆ, ಫಿಲ್ಟರಿನ ಮರಳು ಬದಲಾಗಬೇಕು. ಪೈಪಿಗಿಂತ ಮೊದಲು ಹೊರಬರುವ ವಸ್ತುವಿನ ಎರಡೂ ಬದಿಗೆ ಯೂನಿಯನ್ ಬೇಕು. ನನ್ನ ಮಟ್ಟಿಗೆ ಇಡೀ ಪ್ರಶ್ನೆಗೆ ಅಳತೆಗೋಲು ಇದೊಂದೇ. ಉಳಿದದ್ದೆಲ್ಲ ಅದನ್ನು ಹೇಗೆ ಕೂರಿಸುವುದು ಎಂಬ ಮಾತು.

ಪಂಪಿನ ಮುಂದಿನ ಬದಿ, ಅಂದರೆ ಹೀರುವ ಬದಿ, ಎಲ್ಲಕ್ಕಿಂತ ಸೂಕ್ಷ್ಮ. ಒತ್ತುವ ಬದಿಯ ಜೋಡು ಸೋರಿದರೆ ನೀರು ತೊಟ್ಟಿಕ್ಕುತ್ತದೆ, ಕಣ್ಣಿಗೆ ಬೀಳುತ್ತದೆ. ಹೀರುವ ಬದಿಯದು ಸೋರಿದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನಮ್ಮ ಮಿಸ್ತ್ರಿಗಳ ಬಾಯಲ್ಲಿ ಇದಕ್ಕೆ ಸಿದ್ಧ ಮಾತಿದೆ: “ಮೋಟರ್ ಗಾಳಿ ಹಿಡದೈತ್ರಿ, ನೀರ ಎಳೀವಲ್ದು.” ಪಂಪು ನೀರನ್ನು ಎಳೆಯುವುದೆಂದರೆ ಪೈಪಿನೊಳಗೆ ಒತ್ತಡ ತಗ್ಗಿಸುವುದು, ಮೇಲೆ ತಳ್ಳುವ ಕೆಲಸ ಹೊರಗಿನ ವಾತಾವರಣದ್ದು. ಸಮುದ್ರ ಮಟ್ಟದಲ್ಲಿ ವಾತಾವರಣ 10.3 ಮೀಟರ್ ಎತ್ತರದ ನೀರಿನ ಕಂಬವನ್ನು ಹೊರಬಲ್ಲದು. 650 ಮೀಟರಿಗೂ ಎತ್ತರದಲ್ಲಿರುವ ಹುಬ್ಬಳ್ಳಿಯಲ್ಲಿ ಅದು ಸುಮಾರು ಒಂಬತ್ತೂವರೆ ಮೀಟರಿಗೆ ಇಳಿಯುತ್ತದೆ. ತಿಕ್ಕಾಟ, ಫುಟ್ ವಾಲ್ವು, ಬಾಗುಗಳ ನಷ್ಟ ಕಳೆದರೆ ಕೈಗೆ ಉಳಿಯುವುದು ಆರೇಳು ಮೀಟರ್. ಅಷ್ಟರಲ್ಲಿ ಸೂಜಿಮೊನೆಯಷ್ಟು ಸಂದಿ ಇದ್ದರೂ ನೀರಿನ ಬದಲು ಗಾಳಿ ನುಗ್ಗುತ್ತದೆ.

ಕೊಳದ ಪಂಪಿನಲ್ಲಿ ಇದನ್ನು ಕಂಡುಹಿಡಿಯುವುದು ಸುಲಭ, ಏಕೆಂದರೆ ಅದರ ಮುಂದಿನ ಬುಟ್ಟಿಗೆ ಪಾರದರ್ಶಕ ಮುಚ್ಚಳ ಇರುತ್ತದೆ. ಪಂಪು ಓಡುವಾಗ ಆ ಮುಚ್ಚಳದ ಕೆಳಗೆ ನೀರು ತುಂಬಿ ಶಾಂತವಾಗಿರಬೇಕು. ಗುಳ್ಳೆಗಳು ಕುದಿಯುತ್ತಿದ್ದರೆ ಮುಂದೆ ಎಲ್ಲೋ ಗಾಳಿ ಸೇರುತ್ತಿದೆ. ಕೊಳದೊಳಗೆ ನೀರು ಮರಳುವ ಬಾಯಲ್ಲೂ ಗುಳ್ಳೆ ಬರುತ್ತವೆ. ಪಂಪು ಓಡುತ್ತಿರುವಾಗಲೇ ಪ್ರತಿ ಜೋಡಿನ ಮೇಲೆ ಗಡ್ಡ ಹೆರೆಯುವ ನೊರೆ ಹಚ್ಚಿ ನೋಡಬೇಕು. ತಪ್ಪಿರುವ ಜೋಡಿನ ಮೇಲಿನ ನೊರೆ ಸಣ್ಣ ಗುಂಡಿ ಬಿದ್ದು ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಪಂಪು ಕೊಳದ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಇನ್ನೊಂದು ಗುರುತಿದೆ: ನಿಂತಾಗ ತೊಟ್ಟಿಕ್ಕುವ ಯೂನಿಯನ್, ಓಡತೊಡಗಿದ ಕೂಡಲೇ ಒಣಗಿದಂತೆ ಕಾಣುತ್ತದೆ. ‘ಓಡುವಾಗ ಸೋರುವುದಿಲ್ಲವಲ್ಲ’ ಎಂದು ಸಮಾಧಾನ ಪಡುವ ಮನೆಯವರು ಆ ಹೊತ್ತಿಗೆ ಗಾಳಿಯನ್ನು ಫಿಲ್ಟರಿಗೆ ತುಂಬಿಸುತ್ತಿರುತ್ತಾರೆ. ಒತ್ತಡದಲ್ಲಿ ಸಿಕ್ಕ ಗಾಳಿ ಅಪಾಯಕಾರಿ. ಫಿಲ್ಟರಿನ ನೆತ್ತಿಯ ಮೇಲೆ ಗಾಳಿ ಬಿಡುವ ತಿರುಪು ಇರುವುದು ಅದಕ್ಕೇ.

ಜೋಡಿನ ಮೂಲಕ ಹೊರಗಿನದು ಒಳಗೆ ಬರುವ ಈ ಸಂಗತಿಯನ್ನು ಜಗತ್ತಿನ ನೀರು ತಜ್ಞರು ಅಭ್ಯಾಸ ಮಾಡಿದ್ದು ಹುಬ್ಬಳ್ಳಿ-ಧಾರವಾಡದಲ್ಲಿಯೇ ಎಂಬುದು ಇಲ್ಲಿನ ಬಹಳ ಜನಕ್ಕೆ ಗೊತ್ತಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಿಂದ ಬಂದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್, ಸತತ ನೀರು ಬರುವ ವಾರ್ಡುಗಳ ಮತ್ತು ಬಿಟ್ಟು ಬಿಟ್ಟು ಬರುವ ವಾರ್ಡುಗಳ ನಲ್ಲಿ ನೀರನ್ನು ಹೋಲಿಸಿ 2013 ಮತ್ತು 2014ರಲ್ಲಿ ಪ್ರಬಂಧ ಪ್ರಕಟಿಸಿದರು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಕೊಳೆಯ ಗುರುತಿನ ಬ್ಯಾಕ್ಟೀರಿಯಾ ಬಹಳ ಹೆಚ್ಚು ಕಂಡವು. ನೀರು ಬಿಟ್ಟ ಮೊದಲ ಹೊತ್ತಿನಲ್ಲಿ ಮತ್ತು ಪೈಪಿನ ಒತ್ತಡ ತಗ್ಗಿದಾಗ ಅಪಾಯ ಎದ್ದು ಕಂಡಿತು. ನೆಲದೊಳಗಿನ ಲೈನಿನಲ್ಲಿ ಒತ್ತಡ ಇರುವ ತನಕ ಸಡಿಲ ಜೋಡು ನೀರು ಚೆಲ್ಲುತ್ತದೆ. ಒತ್ತಡ ಹೋದೊಡನೆ ಸುತ್ತಲಿನ ಕೊಳೆಯನ್ನು ಕುಡಿಯುತ್ತದೆ. ಯೂನಿಯನ್ನನ್ನು ಮಣ್ಣಿನಲ್ಲಿ ಹೂಳಬಾರದು, ಗೋಡೆಯಲ್ಲಿ ಮುಚ್ಚಬಾರದು ಎಂದು ಒತ್ತಿ ಹೇಳುವುದಕ್ಕೆ ಇಷ್ಟು ಕಾರಣ ಸಾಕು. ಬಿಚ್ಚುವ ಜೋಡು ಕಣ್ಣಿಗೆ ಕಾಣುವಲ್ಲಿ, ಕೈ ಹೋಗುವಲ್ಲಿ, ನೆಲದ ಮೇಲೆ ಇರಬೇಕು.

ಇನ್ನು ಯೂನಿಯನ್ ಒಂದೇ ಸಾಕೇ? ಸಾಲದು, ಅದರಲ್ಲೂ ಪಂಪು ಕೊಳದ ಮಟ್ಟಕ್ಕಿಂತ ಕೆಳಗೆ ಕೂತಿರುವಾಗ. ಇಳಿಜಾರಿನ ನಿವೇಶನಗಳಲ್ಲಿ, ನೆಲಮಾಳಿಗೆಯಲ್ಲಿ ಮೋಟರ್‌ಮನೆ ಮಾಡಿದಲ್ಲಿ ಹೀಗಿರುತ್ತದೆ. ಅಲ್ಲಿ ವಾಲ್ವಿಲ್ಲದೆ ಯೂನಿಯನ್ ಬಿಚ್ಚಿದರೆ ತಳದ ಡ್ರೇನಿನ ಲೈನಿನಿಂದ ಕೊಳವೇ ಮೋಟರ್‌ಮನೆಗೆ ಇಳಿಯುತ್ತದೆ. 40,000 ಲೀಟರ್ ಎಂದರೆ ಎಷ್ಟು? ನಗರದ ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ಬೇಕೆಂಬುದು ನಮ್ಮ ದೇಶದಲ್ಲಿ ಯೋಜನೆ ಮಾಡುವಾಗ ಹಿಡಿಯುವ ಲೆಕ್ಕ. ಐವರ ಮನೆಗೆ ಅದು ಎರಡು ತಿಂಗಳ ನೀರು. ನಲ್ಲಿಗೆ ವಾರಗಟ್ಟಲೆ ಕಾಯುವ ಊರಿನಲ್ಲಿ ಅಷ್ಟು ನೀರು ಗಟಾರ ಸೇರುವುದು ಅನ್ಯಾಯ. ಕೊಳ ಇರಬೇಕೇ ಎಂಬುದೇ ಇಲ್ಲಿ ನ್ಯಾಯವಾದ ಪ್ರಶ್ನೆ. ಇಟ್ಟುಕೊಂಡವರು ಒಮ್ಮೆ ತುಂಬಿದ ನೀರನ್ನು ವರ್ಷಗಟ್ಟಲೆ ಕಾಪಾಡುವ ಹೊಣೆ ಹೊರಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದ್ದರಿಂದ ಕೊಳದ ಕಡೆ ವಾಲ್ವು, ಪಂಪಿನ ಕಡೆ ಯೂನಿಯನ್: ಈ ಕ್ರಮ ತಪ್ಪಬಾರದು. ಯೂನಿಯನ್ ಮೊದಲು ಬಂದು ವಾಲ್ವು ಅದರ ಪಂಪಿನ ಬದಿಗೆ ಬಿದ್ದರೆ ವಾಲ್ವು ಪಂಪಿನ ಜೊತೆಗೇ ಹೊರಬರುತ್ತದೆ, ನೀರನ್ನು ತಡೆಯಲು ಏನೂ ಉಳಿಯುವುದಿಲ್ಲ. ಎರಡೂ ತುದಿಗೆ ಯೂನಿಯನ್ ಇರುವ ಬಾಲ್ ವಾಲ್ವುಗಳೂ ಸಿಗುತ್ತವೆ. ಬೆಲೆ ಜಾಸ್ತಿ, ಆದರೆ ವಾಲ್ವು ಕೆಟ್ಟಾಗ ಅದನ್ನೂ ಬಿಚ್ಚಬಹುದು. ಕೊಳ್ಳುವಾಗ ಒಂದನ್ನು ಗಮನಿಸಬೇಕು: ಒಂದು ಬದಿಯ ನಟ್ಟು ಬಿಚ್ಚಿದಾಗ ಒಳಗಿನ ಚೆಂಡು ಇನ್ನೊಂದು ಬದಿಯ ನೀರನ್ನು ತಡೆದು ನಿಲ್ಲುವಂಥ ರಚನೆಯೇ ಎಂದು ಕೇಳಬೇಕು. ಅಗ್ಗದ ಕೆಲವು ವಾಲ್ವುಗಳಲ್ಲಿ ನಟ್ಟು ಬಿಚ್ಚಿದರೆ ಚೆಂಡಿನ ಹಿಡಿತವೇ ಸಡಿಲವಾಗುತ್ತದೆ.

ಮರಳಿನ ಫಿಲ್ಟರಿನ ವಿಷಯ ನೇರ. ಮೇಲೆ ಹೇಳಿದ ಗಾತ್ರದ ಕೊಳಕ್ಕೆ 500 ಮಿಲಿಮೀಟರ್ ಅಗಲದ ಫಿಲ್ಟರು, ಅದರಲ್ಲಿ ನೂರು ಕಿಲೋ ಆಸುಪಾಸಿನ ಮರಳು. ಐದಾರು ವರ್ಷಕ್ಕೊಮ್ಮೆ ಮರಳು ಬದಲಿಸಬೇಕು. ಮಲ್ಟಿಪೋರ್ಟ್ ವಾಲ್ವು ನೆತ್ತಿಯ ಮೇಲಿರುವ ಫಿಲ್ಟರಿನಲ್ಲಿ ಆ ವಾಲ್ವು ತೆಗೆಯದೆ ಮರಳಿನ ಮುಖ ಕಾಣುವುದಿಲ್ಲ, ಆ ವಾಲ್ವಿಗೋ ಮೂರು ಪೈಪು ಅಂಟಿರುತ್ತವೆ: ಪಂಪಿನಿಂದ ಬರುವುದು, ಕೊಳಕ್ಕೆ ಹೋಗುವುದು, ಹೊರಗೆ ಚೆಲ್ಲುವುದು. ಮೂರಕ್ಕೂ ಯೂನಿಯನ್ ಬೇಕು. ಎರಡಕ್ಕೆ ಇಟ್ಟು ಮೂರನೆಯದನ್ನು, ಚೆಲ್ಲುವ ಪೈಪಲ್ಲವೇ ಎಂದು, ಹಾಗೆಯೇ ಅಂಟಿಸಿದ್ದನ್ನು ನೋಡಿದ್ದೇನೆ; ಒಂದು ಅಂಟು ಉಳಿದರೂ ವಾಲ್ವು ಮೇಲೇಳುವುದಿಲ್ಲ.

ಉಪ್ಪಿನಿಂದ ಕ್ಲೋರಿನ್ ಮಾಡುವ ಸಲಕರಣೆಗಳು ತಾವೇ ಯೂನಿಯನ್ ಹೊತ್ತು ಬರುತ್ತವೆ, ಏಕೆಂದರೆ ಅವುಗಳ ತಗಡುಗಳ ಮೇಲೆ ಸುಣ್ಣ ಕಟ್ಟುತ್ತದೆ, ಆಗಾಗ ತೆಗೆದು ತೊಳೆಯಬೇಕಾಗುತ್ತದೆ. ಬೋರ್‌ವೆಲ್ಲಿನ ಗಡುಸು ನೀರು ತುಂಬಿದ ಕೊಳದಲ್ಲಿ ಇದು ಇನ್ನೂ ಹೆಚ್ಚು. ಸೋಲಾರ್ ಗೀಸರಿನ ಪೈಪು ಸುಣ್ಣ ಕಟ್ಟಿ ಮುಚ್ಚಿಹೋದದ್ದನ್ನು ಕಂಡ ಮನೆಯವರಿಗೆ ವಿವರಿಸಿ ಹೇಳಬೇಕಿಲ್ಲ.

ಬಿಸಿಯ ಮಾತು ಬೇರೆ. ಪಿವಿಸಿ ತಣ್ಣೀರಿನ ವಸ್ತು. 60 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಅದರ ಒತ್ತಡ ತಾಳುವ ಶಕ್ತಿ ಕಾಲು ಭಾಗಕ್ಕಿಂತ ಕೆಳಗಿಳಿಯುತ್ತದೆ. ಹೀಟರ್ ಇಲ್ಲದ ಕೊಳದಲ್ಲೂ ಈ ಬಿಸಿ ಬರಬಹುದು: ನೀರು ಎಳೆಯದೆ ಪಂಪು ಒಣಗಿ ಓಡಿದಾಗ ಒಳಗಿನ ಸ್ವಲ್ಪ ನೀರೇ ಕುದಿಮುಟ್ಟುತ್ತದೆ, ಪಂಪಿನ ಬಾಯಲ್ಲಿ ತಿರುಪಿದ ಪ್ಲಾಸ್ಟಿಕ್ ಥ್ರೆಡ್ ಮೆತ್ತಗಾಗಿ ಕುಗ್ಗುತ್ತದೆ. ತಣಿದ ಮೇಲೆ ನೋಡಲು ಮೊದಲಿನಂತೆಯೇ ಇರುತ್ತದೆ, ಅಂದಿನಿಂದ ಗಾಳಿ ಎಳೆಯತೊಡಗುತ್ತದೆ. ಎಷ್ಟು ಟೇಪು ಸುತ್ತಿದರೂ ಸರಿಹೋಗದ ಪಂಪುಗಳ ಕಥೆ ಬಹಳ ಸಲ ಇದೇ. ಪಂಪಿನ ಬಾಯಿಗೆ ಹತ್ತಿರದ ಯೂನಿಯನ್ ಸಿಪಿವಿಸಿಯದೋ, ಬಿಸಿ ತಾಳುವ ಬೇರೆ ಜಾತಿಯದೋ ಆಗಿರಲಿ ಎನ್ನುವುದು ಅದಕ್ಕೆ. ಹೀಟರಿನ ಎರಡೂ ಬದಿಗೆ ಇದು ಹೇಗೂ ಬೇಕೇ ಬೇಕು.

ಇಷ್ಟೆಲ್ಲ ಒಪ್ಪಿ ಅಂಗಡಿಗೆ ಹೋದವರು ಎಡವುವುದು ಅಳತೆಯಲ್ಲಿ. ನಮ್ಮಲ್ಲಿ ಎರಡು ಜಾತಿಯ ಪಿವಿಸಿ ಪೈಪು ಒಂದೇ ಅಂಗಡಿಯ ಒಂದೇ ಗೋಡೆಗೆ ಒರಗಿರುತ್ತವೆ. ಒಂದು ಭಾರತೀಯ ಮಾನಕ 4985ರ ಪ್ರಕಾರದ್ದು. ಹೊರ ಅಗಲ ಮಿಲಿಮೀಟರಿನಲ್ಲಿ, 50, 63, 75, 90 ಹೀಗೆ. ಕುಂದಗೋಳ, ನವಲಗುಂದ, ಕಲಘಟಗಿಯ ರೈತರು ಬೋರ್‌ವೆಲ್ಲಿನಿಂದ ಹೊಲಕ್ಕೆ ಎಳೆಯುವುದು ಇದನ್ನೇ. ಇನ್ನೊಂದು ಮನೆಯ ಟ್ಯಾಂಕಿನ ಲೈನಿಗೆ ಬಳಸುವ, ಇಂಚಿನ ಲೆಕ್ಕದ, ಶೆಡ್ಯೂಲ್ 40 ಅಥವಾ 80 ಎಂದು ಅಚ್ಚೊತ್ತಿದ ಬಿಳಿ ಪೈಪು. ಇದರ ಎರಡಿಂಚಿನ ಪೈಪಿನ ಹೊರ ಅಗಲ 60.3 ಮಿಲಿಮೀಟರ್, ಒಂದೂವರೆ ಇಂಚಿನದು 48.3. ಕೊಳದ ಪಂಪು, ಫಿಲ್ಟರುಗಳು ಹೊರದೇಶದ ವಿನ್ಯಾಸದವು; ಯುರೋಪಿನ ಪದ್ಧತಿಯವು 50 ಮತ್ತು 63 ಮಿಲಿಮೀಟರ್ ಯೂನಿಯನ್ ಹೊತ್ತು ಬರುತ್ತವೆ, ಅಮೆರಿಕದ ಪದ್ಧತಿಯವು ಇಂಚಿನವು. 63ರ ಯೂನಿಯನ್ನಿನೊಳಗೆ ಎರಡಿಂಚಿನ ಬಿಳಿ ಪೈಪು ಸಲೀಸಾಗಿ ಹೋಗುತ್ತದೆ, ಅಗಲದಲ್ಲಿ 2.7 ಮಿಲಿಮೀಟರ್ ಅಂತರ ಉಳಿಸಿಕೊಂಡು. ಸಾಲ್ವೆಂಟ್ ಸಿಮೆಂಟ್ ಸಂದಿ ತುಂಬುವ ಗಾರೆಯಲ್ಲ. ತಾಗಿ ಬಿಗಿಯಾಗಿ ನಿಂತ ಎರಡು ಮೈಗಳನ್ನು ಕರಗಿಸಿ ಕೂಡಿಸುವುದಷ್ಟೇ ಅದರ ಕೆಲಸ. ಧಾರಾಳವಾಗಿ ಬಳಿದರೆ ಆ ದಿನ ನಿಂತಂತೆ ಕಾಣುತ್ತದೆ, ತಿಂಗಳೊಪ್ಪತ್ತಿನಲ್ಲಿ ಕೈಕೊಡುತ್ತದೆ.

ಗೊಂದಲ ಇಲ್ಲಿಗೆ ಮುಗಿಯುವುದಿಲ್ಲ. ಎರಡಿಂಚಿನ ಪೈಪನ್ನು ಒಳ ಅಗಲದ ಲೆಕ್ಕದಲ್ಲಿ ‘50 ಎನ್‌ಬಿ’ ಎಂದೂ ಕರೆಯುತ್ತಾರೆ. ಫೋನಿನಲ್ಲಿ “50ರ ಯೂನಿಯನ್ ಕೊಡ್ರಿ” ಎಂದರೆ ಅಂಗಡಿಯವರು ಕೊಡುವುದು ಹೊರ ಅಗಲ 50ರದೋ, ಒಳ ಅಗಲ 50ರದೋ ಎಂಬುದು ಕೇಳಿದವರ ಅದೃಷ್ಟ. ಪಂಪಿನ ಜೊತೆ ಬಂದ ಯೂನಿಯನ್ ತುಂಡನ್ನು, ಕೊಳ್ಳಬೇಕಾದ ಪೈಪಿನ ಒಂದು ಗೇಣು ತುಂಡನ್ನು ಕೈಯಲ್ಲೇ ಅಂಗಡಿಗೆ ಒಯ್ದು, ಸಿಮೆಂಟಿಲ್ಲದೆ ಕೂಡಿಸಿ ನೋಡುವುದು ಇದಕ್ಕೆ ಸರಿಯಾದ ದಾರಿ. ಅರ್ಧ ತನಕ ಸುಲಭವಾಗಿ ಹೋಗಿ ಆಮೇಲೆ ಬಿಗಿಯಬೇಕು. ಗಲಗಲ ಅಲ್ಲಾಡಿದರೆ ಜಾತಿಯೇ ಬೇರೆ.

ಥ್ರೆಡ್ಡಿನಲ್ಲೂ ಇದೇ ಗತಿ. ನಮ್ಮ ಪೈಪು ಥ್ರೆಡ್ ಬ್ರಿಟಿಷ್ ಪದ್ಧತಿಯದು. ಒಂದರಿಂದ ಎರಡಿಂಚಿನ ತನಕ ಇಂಚಿಗೆ 11 ಸುತ್ತು, 55 ಡಿಗ್ರಿ ಕೋನ. ಅಮೆರಿಕದ್ದು ಅದೇ ಅಳತೆಗೆ ಇಂಚಿಗೆ ಹನ್ನೊಂದೂವರೆ ಸುತ್ತು, 60 ಡಿಗ್ರಿ. ಒಂದನ್ನು ಇನ್ನೊಂದರಲ್ಲಿ ತಿರುಪಿದರೆ ಎರಡು ಮೂರು ಸುತ್ತು ಒಪ್ಪಿಕೊಂಡು ಆಮೇಲೆ ಜಾಮ್ ಆಗುತ್ತದೆ. ಬಿಗಿಯಾಯಿತೆಂದು ಮಿಸ್ತ್ರಿ ಕೈಬಿಡುತ್ತಾನೆ. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡೂ ಪದ್ಧತಿಗೆ ಇಂಚಿಗೆ 14 ಸುತ್ತೇ ಇರುವುದರಿಂದ ನಲ್ಲಿಯ ಕೆಲಸದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಅನುಭವಕ್ಕೆ ಬಂದಿರುವುದಿಲ್ಲ.

ಕೂರಿಸುವ ಕೈಕೆಲಸದ ಬಗ್ಗೆ ಹೇಳುವುದಿದ್ದರೆ ಮೊದಲ ಮಾತು: ಪೈಪಿಗೆ ತುಂಡು ಅಂಟಿಸುವ ಮುಂಚೆ ನಟ್ಟನ್ನು ಪೈಪಿಗೆ ಪೋಣಿಸಿರಬೇಕು, ಅದೂ ಸರಿಯಾದ ದಿಕ್ಕಿಗೆ. ಇದು ತಪ್ಪಿದರೆ ಇನ್ನೊಂದು ಯೂನಿಯನ್ ಕೊಳ್ಳುವುದೇ ಗತಿ. ಯೂನಿಯನ್ನಿನ ಬಿಗಿ ಇರುವುದು ಒಳಗಿನ ರಬ್ಬರ್ ಓ-ರಿಂಗಿನಲ್ಲಿ, ನಟ್ಟಿನ ಥ್ರೆಡ್ಡಿನಲ್ಲಿ ಅಲ್ಲ. ಆದ್ದರಿಂದ ನಟ್ಟಿಗೆ ಟೆಫ್ಲಾನ್ ಟೇಪು ಸುತ್ತಿ ಪ್ರಯೋಜನವಿಲ್ಲ. ಸುತ್ತಿದರೆ ನಟ್ಟು ಪೂರ್ತಿ ಇಳಿಯದೆ ರಿಂಗು ಅರ್ಧ ಒತ್ತಿ ನಿಲ್ಲುತ್ತದೆ. ರಿಂಗಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಬೇಕು. ಮನೆಯಲ್ಲಿದೆ ಎಂದು ವ್ಯಾಸಲೀನ್ ಹಚ್ಚುವವರಿದ್ದಾರೆ; ಪೆಟ್ರೋಲಿಯಂ ಮೂಲದ ಜಿಡ್ಡು ಇಂಥ ರಿಂಗುಗಳಲ್ಲಿ ಹೆಚ್ಚಾಗಿ ಬಳಸುವ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಅಂಟಿಸುವಾಗ ರಿಂಗನ್ನು ಹೊರಗೆ ತೆಗೆದಿಡುವುದು ಕ್ಷೇಮ, ಸಿಮೆಂಟಿನ ಒಂದು ಹನಿ ಅದರ ಕೂರುವ ಜಾಗಕ್ಕೆ ಬಿದ್ದರೆ ಆ ಮೈ ಮತ್ತೆ ಸಮವಾಗುವುದಿಲ್ಲ. ನಟ್ಟನ್ನು ಕೈಯಿಂದ ಬಿಗಿ ಮಾಡಿದರೆ ಸಾಕು. ಪಾನಾ ಹಾಕಿ ಜಗ್ಗಿದರೆ ಪ್ಲಾಸ್ಟಿಕ್ ನಟ್ಟು ಬಿರುಕು ಬಿಡುತ್ತದೆ, ಬಿಸಿಲು ತಿಂದು ಹಳತಾದದ್ದಂತೂ ಬೇಗ.

ಎಲ್ಲಕ್ಕಿಂತ ಮುಖ್ಯವಾದದ್ದು, ಎರಡು ಮೈಗಳು ನಟ್ಟು ಹಾಕುವ ಮೊದಲೇ ತಾವಾಗಿ ಎದುರುಬದುರು ಕೂತಿರಬೇಕು. ಓರೆಯಾಗಿ ನಿಂತ ಪೈಪನ್ನು ನಟ್ಟಿನ ಜೋರಿನಿಂದ ಎಳೆದು ಕೂಡಿಸಿದರೆ ರಿಂಗು ಒಂದು ಕಡೆ ಜಜ್ಜಿ ಇನ್ನೊಂದು ಕಡೆ ಸಡಿಲವಿರುತ್ತದೆ. ಪಂಪಿನ ಬಾಯಿಗೆ ನೇರ ಎಲ್ಬೋ ಕೂರಿಸದೆ ಪೈಪಿನ ಅಗಲದ ಐದು ಪಟ್ಟಾದರೂ ನೇರ ಓಟ ಬಿಡಬೇಕು ಎಂಬ ರೂಢಿ ಇದೆ. ಎರಡಿಂಚಿನ ಪೈಪಿಗೆ ಅದು ಹತ್ತಿಂಚು. ನೀರು ಸುಳಿಯಿಲ್ಲದೆ ಪಂಪಿಗೆ ಬರಲೆಂದು ಮಾಡಿದ ಈ ನಿಯಮ ಯೂನಿಯನ್ನಿಗೆ ಜಾಗವನ್ನೂ ಕೊಡುತ್ತದೆ. ಒತ್ತುವ ಕಡೆ ಪಂಪಿನ ಬಾಯಿ ಮೇಲ್ಮುಖವಾಗಿರುವುದರಿಂದ ಅಲ್ಲಿನ ಯೂನಿಯನ್ ಮೋಟರಿನ ನೆತ್ತಿಗೆ ಬರದಂತೆ ನೋಡಿಕೊಳ್ಳಬೇಕು. ಬಿಚ್ಚುವಾಗ ಇಳಿಯುವ ನೀರು ವೈಂಡಿಂಗಿನ ಮೇಲೆ ಬೀಳಬಾರದು. ಕೊಳದ ಮೋಟರಿಗೆ ಅರ್ಥಿಂಗ್ ಮತ್ತು 30 ಮಿಲಿಆಂಪಿಗೆ ಕಡಿಯುವ ಇಎಲ್‌ಸಿಬಿ ಇಲ್ಲದೆ ಮುಂದಿನ ಮಾತೇ ಬೇಡ.

ಹುಬ್ಬಳ್ಳಿಯ ಪೂರ್ವಕ್ಕೆ ಹೋದಂತೆ ಎರೆಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಕೈ ಇಳಿಯುವಷ್ಟು ಬಿರುಕು ಬಿಡುವ ಈ ನೆಲದಲ್ಲಿ ಕೊಳದ ಕಾಂಕ್ರೀಟು ಒಂದು ಕಡೆ, ಮೋಟರ್ ಕೂರಿಸಿದ ಕಟ್ಟೆ ಇನ್ನೊಂದು ಕಡೆ ಬೇರೆ ಬೇರೆಯಾಗಿ ಕದಲುತ್ತವೆ. ನಡುವಿನ ಅಂಟಿಸಿದ ಪೈಪು ಆ ಎಳೆತವನ್ನೆಲ್ಲ ಪಂಪಿನ ಬಾಯಿಗೆ ತಂದು ಹಾಕುತ್ತದೆ. ಯೂನಿಯನ್ ಇದ್ದರೆ ಈ ತೊಂದರೆ ತಪ್ಪುತ್ತದೆ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಅದು ತಪ್ಪು ಭರವಸೆ. ಯೂನಿಯನ್ ಬಾಗುವುದಿಲ್ಲ, ಎಳೆತ ಬಿದ್ದರೆ ಮೊದಲು ಸೋರುವುದೇ ಅದು. ಅಂಥಲ್ಲಿ ಕಟ್ಟೆಯ ಕೆಳಗಿನ ಎರೆಮಣ್ಣು ತೆಗೆದು ಗರಸು ತುಂಬಿ ಗುದ್ದುವುದು, ನೆಲದಿಂದ ಮೇಲೇಳುವ ಕಡೆ ಬಾಗುವ ಪೈಪು ಕೊಡುವುದು ಬೇಕಾಗುತ್ತದೆ. ಪಶ್ಚಿಮಕ್ಕೆ, ಧಾರವಾಡದ ಕೆಂಪು ನೆಲದ ಬಡಾವಣೆಗಳಲ್ಲಿ ಈ ಕಾಟ ಕಡಿಮೆ.

ಯೂನಿಯನ್ ಬೇಡ ಎನ್ನುವ ಅನುಭವಿ ಮಿಸ್ತ್ರಿಗಳೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಸರಿಯಾಗಿ ಅಂಟಿಸಿದ ಜೋಡು ಪೈಪಿನಷ್ಟೇ ಗಟ್ಟಿ, ಅದಕ್ಕೆ ರಬ್ಬರಿಲ್ಲ, ಸವೆಯುವಂಥದ್ದು ಏನೂ ಇಲ್ಲ. ಪ್ರತಿ ಯೂನಿಯನ್ ಒಂದು ಸೋರಬಹುದಾದ ಜಾಗ. ಅಗ್ಗದ ಸಾಮಾನಿನಲ್ಲಿ ರಿಂಗು ಎರಡು ಬೇಸಿಗೆ ಬಾಳುವುದಿಲ್ಲ. ಇದೆಲ್ಲ ನಿಜ, ಆದ್ದರಿಂದಲೇ ಮೋಟರ್‌ಮನೆಯ ತುಂಬ ಯೂನಿಯನ್ ಪೋಣಿಸುವುದನ್ನು ನಾನು ಒಪ್ಪುವುದಿಲ್ಲ. ಟೀಗೂ ಎಲ್ಬೋಗೂ ನಡುವೆ, ನೇರ ಓಟದ ಮಧ್ಯೆ, ಎಂದೂ ಹೊರಬರಬೇಕಿಲ್ಲದ ಕಡೆ ಅದು ದಂಡ. ಆದರೆ ಪಂಪಿನ ಎರಡು ಬದಿ, ಮಲ್ಟಿಪೋರ್ಟಿನ ಮೂರು ಬಾಯಿ, ಹೀಟರಿನ ಎರಡು, ಇಷ್ಟರ ಮಟ್ಟಿಗೆ ಅವರ ವಾದ ನಿಲ್ಲುವುದಿಲ್ಲ. ರಬ್ಬರ್ ರಿಂಗು ಬದಲಿಸಲು ಐದು ನಿಮಿಷ. ಅಂಟಿಸಿದ ಪಂಪು ಬದಲಿಸಲು ಅರ್ಧ ಲೈನು.

ಹುಬ್ಬಳ್ಳಿಗೆ ಈ ವಿಚಾರ ಹೊಸದಾಗಬಾರದು. ಮೈಕ್ರೋಫಿನಿಶ್, ಬಿಡಿಕೆ ಹೆಸರಿನ ಕೈಗಾರಿಕಾ ವಾಲ್ವುಗಳು ತಯಾರಾದದ್ದು ಈ ಊರಿನಲ್ಲೇ. 2010ರಲ್ಲಿ ಸ್ಕಾಟ್ಲೆಂಡಿನ ವಿಯರ್ ಗ್ರೂಪ್ ಬಿಡಿಕೆಯಲ್ಲಿ ಪಾಲು ಕೊಂಡಿತು. ಇಂಥ ವಾಲ್ವುಗಳು ಹೋಗಿ ಕೂರುವ ಕಾರ್ಖಾನೆಗಳಲ್ಲಿ ರಿಪೇರಿಗೆ ಬರುವ ಪ್ರತಿ ಪಂಪಿನ ಎರಡೂ ಬದಿಗೆ ತಡೆಯುವ ವಾಲ್ವು, ಬೋಲ್ಟು ಬಿಚ್ಚುವ ಫ್ಲೇಂಜು ಇರುತ್ತವೆ. ಅಲ್ಲಿ ಅದು ಎಂಜಿನಿಯರನ ಮನಸ್ಸಿಗೆ ಬಿಟ್ಟ ವಿಷಯವಲ್ಲ, ನಕ್ಷೆಯಲ್ಲೇ ಬರೆದಿರುತ್ತದೆ. ಮೂರು ಇಂಚಿಗಿಂತ ದೊಡ್ಡ ಪೈಪಿನ ಸಾರ್ವಜನಿಕ ಈಜುಕೊಳಗಳಲ್ಲೂ ಫ್ಲೇಂಜೇ ರೂಢಿ. ಮನೆಯ ಕೆಲಸಕ್ಕೆ ನಕ್ಷೆ ಇರುವುದಿಲ್ಲ. ಬಾಯಿಮಾತಿನ ಎಸ್ಟಿಮೇಟು ಇರುತ್ತದೆ, ಅದರಲ್ಲಿ ‘ಫಿಟಿಂಗ್ಸ್’ ಎಂಬ ಒಂದೇ ಸಾಲಿನೊಳಗೆ ಎಲ್ಲವೂ ಅಡಗಿರುತ್ತದೆ. ಹೊಸ ಕೊಳವಾಗಲಿ, ಹೊಸ ಸಂಪಿನ ಮೋಟರಾಗಲಿ, ಮನೆಯವರು ಆ ಸಾಲನ್ನು ಬಿಡಿಸಿ ಬರೆಸಿಕೊಳ್ಳಬೇಕು: ಯೂನಿಯನ್ ಎಷ್ಟು, ಯಾವ ಅಳತೆ, ಮಿಲಿಮೀಟರೋ ಇಂಚೋ, ವಾಲ್ವು ಯಾವ ಬದಿಗೆ. ಮಿಸ್ತ್ರಿಯ ಕೂಲಿಯಲ್ಲಿ ಚೌಕಾಸಿ ಮಾಡುವ ಬದಲು ಇದಕ್ಕೆ ನಾಲ್ಕು ಕಾಸು ಮೇಲೆ ಕೊಟ್ಟರೆ ಅವರೂ ಸಂತೋಷದಿಂದ ಮಾಡುತ್ತಾರೆ. ಬೇಡ ಎಂದವರು ಬಹಳ ಸಲ ಮಿಸ್ತ್ರಿಯಲ್ಲ, ಖರ್ಚು ಕಡಿಮೆ ಮಾಡಿಸಿದ ಮನೆಯವರೇ. ಲೈನು ಮುಗಿದ ದಿನ ಪ್ರತಿ ಯೂನಿಯನ್ನಿಗೆ ಒಂದರಂತೆ ಹೆಚ್ಚುವರಿ ಓ-ರಿಂಗನ್ನು ಅದೇ ಕಂಪನಿಯದು ಕೊಂಡು, ಡಬ್ಬಿಗೆ ಹಾಕಿ ಮೋಟರ್‌ಮನೆಯಲ್ಲೇ ಇಡಬೇಕು. ಒಂದು ಕಂಪನಿಯ ರಿಂಗು ಇನ್ನೊಂದರ ಯೂನಿಯನ್ನಿಗೆ ಕೂರುವುದಿಲ್ಲ, ಐದು ವರ್ಷದ ಮೇಲೆ ಅದೇ ಮಾದರಿ ಅಂಗಡಿಯಲ್ಲಿ ಸಿಗುತ್ತದೆಂಬ ಖಾತ್ರಿಯೂ ಇಲ್ಲ.